ಹೊಳೆ ಹತ್ತುವ ಮೀನಿನ ಲೆಕ್ಕ: ಘಟಪ್ರಭಾ, ಮಲಪ್ರಭಾ, ಕೃಷ್ಣೆಗೆ ಯಾವ ಸಮೀಕ್ಷೆ ಹೊಂದುತ್ತದೆ?

ಮುಂಗಾರಿನ ಮೊದಲ ಕೆಂಪು ನೀರು ಬಂತೆಂದರೆ ಕೃಷ್ಣಾ ಕೊಳ್ಳದ ಎಷ್ಟೋ ಜಾತಿಯ ಮೀನುಗಳು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಹೊರಡುತ್ತವೆ. ಅವು ಹೋಗುವುದು ತತ್ತಿ ಇಡಲು. ಈ ಮೀನು ಮೊದಲಿನಷ್ಟು ಇಲ್ಲ ಅನ್ನುವ ಮಾತು ಹೊಳೆ ದಂಡೆಯ ಊರುಗಳಲ್ಲಿ ಹೊಸದೇನಲ್ಲ. ಆದರೆ ಎಷ್ಟು ಕಡಿಮೆಯಾಗಿದೆ, ಯಾವ ಜಾತಿ, ಯಾವ ಹೊಳೆಯಲ್ಲಿ ಎಂದು ಕೇಳಿದರೆ ತೋರಿಸಲು ಅಂಕಿ ಇರುವುದಿಲ್ಲ. ಅಂಕಿ ಇಲ್ಲದಿದ್ದರೆ ಬಾಂದಾರದ (ಹೊಳೆಗೆ ಅಡ್ಡಲಾಗಿ ಕಟ್ಟಿದ ಸಣ್ಣ ಒಡ್ಡಿನ) ಹಲಗೆ ಬೇಗ ತೆಗೆಯಿರಿ ಎಂದು ಕೇಳುವುದಕ್ಕೂ ಬಲ ಬರುವುದಿಲ್ಲ, ಮರಳು ಎತ್ತುವುದನ್ನು ನಿಲ್ಲಿಸಿ ಎನ್ನುವುದಕ್ಕೂ ಬರುವುದಿಲ್ಲ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಇಂಥ ಎಣಿಕೆ ಶುರು ಮಾಡಬೇಕು ಅಂದುಕೊಂಡಿರುವ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ, ಮೀನುಗಾರರ ಸಹಕಾರ ಸಂಘಕ್ಕೆ, ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಈ ಬರಹ. ಎಣಿಸುವ ದಾರಿಗಳು ಹಲವು. ಯಾವುದೂ ಎಲ್ಲ ಕಡೆಗೂ ಹೊಂದುವುದಿಲ್ಲ. ನಾನು ಮೊದಲಿಂದ ಕೊನೆಯವರೆಗೂ ಹಿಡಿದುಕೊಳ್ಳುವ ಮಾತು ಒಂದೇ: ಆ ಮೀನು ತನ್ನ ತತ್ತಿಯನ್ನು ಎಲ್ಲಿ, ಹೇಗೆ ಇಡುತ್ತದೆ ಅನ್ನುವುದನ್ನು ಮೊದಲು ನೋಡಿ, ಆಮೇಲೆ ವಿಧಾನ ಆರಿಸಿ. ಕೈಗೆ ಸಿಕ್ಕ ಯಂತ್ರವನ್ನೋ ಹೊರದೇಶದ ಕೈಪಿಡಿಯನ್ನೋ ನೋಡಿ ಆರಿಸಬೇಡಿ.

ಗೂಡು ಎಣಿಸುವ ವಿಧಾನ ಇಲ್ಲಿ ಯಾಕೆ ನಡೆಯುವುದಿಲ್ಲ

ಮೀನಿನ ಸಂತಾನ ಸಮೀಕ್ಷೆ ಎಂದು ಹುಡುಕಿದರೆ ಮೊದಲು ಸಿಗುವುದು ಅಮೆರಿಕದ ವಾಯವ್ಯ ಭಾಗದ ಸಾಲ್ಮನ್, ಟ್ರೌಟ್ ಮೀನಿನ ವಿಧಾನ. ಅಲ್ಲಿ ಹೆಣ್ಣು ಮೀನು ಬಾಲದಿಂದ ಜಲ್ಲಿಕಲ್ಲು ಕೆದರಿ ಗುಂಡಿ ಮಾಡುತ್ತದೆ. ಅದರಲ್ಲಿ ತತ್ತಿ ಇಟ್ಟು ಮತ್ತೆ ಜಲ್ಲಿ ಮುಚ್ಚುತ್ತದೆ. ಕೆದರಿದ ಜಾಗ ಸುತ್ತಲಿನ ಕಲ್ಲಿಗಿಂತ ಬೆಳ್ಳಗೆ ಕಾಣುತ್ತದೆ. ಸಮೀಕ್ಷೆಯವರು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಹಳ್ಳದಗುಂಟ ನಡೆದು ಈ ಗೂಡುಗಳನ್ನು ಎಣಿಸಿ ಗುರುತು ಕಟ್ಟಿ ಬರುತ್ತಾರೆ. ಖರ್ಚು ಕಡಿಮೆ, ಮೀನನ್ನು ಮುಟ್ಟುವ ಕೆಲಸವೂ ಇಲ್ಲ.

ನಮ್ಮಲ್ಲಿ ಎರಡು ಅಡ್ಡಿ. ಮೀನು ತತ್ತಿ ಇಡುವ ಹೊತ್ತಿಗೆ ನೀರು ಚಹಾ ಬಣ್ಣದ್ದು, ಒಂದು ಗೇಣು ಕೆಳಗೆ ಏನೂ ಕಾಣುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು. ಬಯಲಿನಲ್ಲಿ ಹೊಳೆ ಹತ್ತುವ ಗೆಂಡೆ ಜಾತಿಯ ಮೀನುಗಳು, ಅಂದರೆ ಲೇಬಿಯೋ ಫಿಂಬ್ರಿಯೇಟಸ್, ಲೇಬಿಯೋ ಕಲ್ಬಾಸು, ಸಿರ್ರೈನಸ್ ರೇಬಾ ಇಂಥವು, ಗೂಡು ಮಾಡುವುದೇ ಇಲ್ಲ. ಏರುವ ನೀರಿನಲ್ಲಿ, ದಂಡೆ ಮೀರಿ ಹರಡಿದ ತೆಳ್ಳಗಿನ ನೀರಿನಲ್ಲಿ ಗುಂಪಾಗಿ ತತ್ತಿ ಬಿಡುತ್ತವೆ. ತತ್ತಿ ಅಂಟುವುದಿಲ್ಲ. ನೀರು ಹೀರಿ ಉಬ್ಬಿ ಪ್ರವಾಹದ ಜೊತೆ ಸಾಗುತ್ತದೆ. ಹೀಗಿರುವಾಗ ತಳದಲ್ಲಿ ಎಣಿಸಲು ಏನು ಉಳಿಯುತ್ತದೆ?

ಗೂಡು ಎಣಿಸುವವರಿಂದ ಕಲಿಯುವ ಪಾಠಗಳು ಮಾತ್ರ ಬಹಳ ಇವೆ. ಐಡಹೋ ರಾಜ್ಯದಲ್ಲಿ ಬುಲ್ ಟ್ರೌಟ್ ಗೂಡುಗಳನ್ನು ಬೇರೆ ಬೇರೆಯವರಿಂದ ಎಣಿಸಿ ನೋಡಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಇರಬಹುದಾದ ನಿಜ ಸಂಖ್ಯೆಯ 28 ಶೇಕಡದಿಂದ 254 ಶೇಕಡದವರೆಗೆ ಲೆಕ್ಕ ಬಂದಿತ್ತು. ಕೆಲವರು ಮುಕ್ಕಾಲು ಭಾಗ ಗೂಡುಗಳನ್ನು ಬಿಟ್ಟಿದ್ದರು, ಕೆಲವರು ನೀರು ಕೊರೆದ ಗುಂಡಿಗಳನ್ನೂ ಗೂಡೆಂದು ಸೇರಿಸಿದ್ದರು. ಅಷ್ಟು ಕಣ್ಣಿಗೆ ಕಾಣುವ ವಸ್ತುವಿನಲ್ಲೇ ಇಷ್ಟು ವ್ಯತ್ಯಾಸ ಬರುತ್ತದೆ ಅಂದರೆ, ಎಣಿಸುವವರಿಗೆ ತರಬೇತಿ ಕೊಡುವುದು ಮತ್ತು ಒಂದೇ ಜಾಗವನ್ನು ಇಬ್ಬರಿಂದ ಎಣಿಸುವುದು ಎಷ್ಟು ಮುಖ್ಯ ಅಲ್ವಾ?

ತೇಲುವ ತತ್ತಿಗೆ ಬಲೆ

ಬಯಲಿನ ಹೊಳೆಗೆ ನಾನು ಮೊದಲು ಆರಿಸುವುದು ತೇಲುತತ್ತಿ ಬಲೆ. ನಮ್ಮ ದೇಶಕ್ಕೆ ಇದು ಹೊಸದಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ಹಾರ್ಮೋನ್ ಚುಚ್ಚಿ ಗೆಂಡೆ ಮೀನಿನಿಂದ ತತ್ತಿ ಇಡಿಸಿದರು. ಅದಕ್ಕೂ ಮೊದಲು ಕೆರೆಗೆ ಬಿಡುವ ಮೀನುಮರಿಯೆಲ್ಲ ಬಹುತೇಕ ಹೊಳೆಯಿಂದಲೇ ಬರುತ್ತಿತ್ತು. ಪ್ರವಾಹದಲ್ಲಿ ಆಲಿಕೆಯಂಥ ಬಲೆ ಒಡ್ಡಿ ತತ್ತಿ, ಮರಿ ಹಿಡಿಯುತ್ತಿದ್ದರು. ಶೂಟಿಂಗ್ ನೆಟ್ ಎಂದು ಅದಕ್ಕೆ ಹೆಸರು. ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆ ಈ ಬಲೆಯನ್ನು ಅಳತೆಗೆ ತಂದು ಯಾವ ನದಿಯಲ್ಲಿ ಎಷ್ಟು ಮರಿ ಸಿಗುತ್ತದೆ ಎಂದು ನೋಡುತ್ತಿತ್ತು. ಮರಿ ಮಾರಲು ಮಾಡುತ್ತಿದ್ದ ಕೆಲಸವನ್ನು ಮೀನು ಉಳಿಸಲು ಮಾಡುವುದಷ್ಟೇ ಈಗಿನ ಬದಲಾವಣೆ.

ಲೆಕ್ಕ ಹೀಗೆ. ಬಲೆಯ ಬಾಯಿ 1 ಮೀಟರ್ ಅಗಲ, ಅರ್ಧ ಮೀಟರ್ ಎತ್ತರ ಇದೆ ಅನ್ನೋಣ. ಬಾಯಲ್ಲಿ ನೀರಿನ ವೇಗ ಸೆಕೆಂಡಿಗೆ 0.6 ಮೀಟರ್. ಹತ್ತು ನಿಮಿಷ ಒಡ್ಡಿದರೆ 180 ಘನ ಮೀಟರ್ ನೀರು ಸೋಸಿದಂತಾಯಿತು. ಅದರಲ್ಲಿ 36 ತತ್ತಿ ಸಿಕ್ಕರೆ ಘನ ಮೀಟರಿಗೆ 0.2. ಹೊಳೆಯಲ್ಲಿ ಆಗ 10,000 ಕ್ಯೂಸೆಕ್ ಹರಿಯುತ್ತಿದ್ದರೆ ಅದು ಸೆಕೆಂಡಿಗೆ 283 ಘನ ಮೀಟರ್. ಅಂದರೆ ಗಂಟೆಗೆ 2 ಲಕ್ಷದ ಆಸುಪಾಸು ತತ್ತಿ ಆ ಜಾಗವನ್ನು ದಾಟುತ್ತಿದೆ. ತತ್ತಿ ನೀರಿನಲ್ಲಿ ಒಂದೇ ಸಮ ಹರಡಿರುವುದಿಲ್ಲ. ತಳದ ಕಡೆಗೆ ಜಾಸ್ತಿ, ಮುಖ್ಯ ಸೆಳವಿನಲ್ಲಿ ಜಾಸ್ತಿ. ಆದ್ದರಿಂದ ಒಂದು ಬಲೆ ಮೇಲೆ, ಒಂದು ತಳಕ್ಕೆ ಹತ್ತಿರ ಇರಬೇಕು. ವೇಗ ಅಳೆಯದೆ ಸುಮ್ನೆ «ಬಲೆಗೆ ಇಷ್ಟು ತತ್ತಿ» ಎಂದು ಬರೆದಿಟ್ಟರೆ ಆ ಅಂಕಿ ಮುಂದಿನ ವರ್ಷ ಹೋಲಿಸಲು ಬರುವುದಿಲ್ಲ. ವೇಗಮಾಪಕ ಕೊಳ್ಳಲು ಆಗದಿದ್ದರೆ ತೇಲುವ ವಸ್ತುವೊಂದನ್ನು ಅಳೆದ ದೂರಕ್ಕೆ ಬಿಟ್ಟು ಸಮಯ ನೋಡಿ. ಅಷ್ಟು ನಿಖರವಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ಬಹಳ ವಾಸಿ.

ಬಲೆಯ ಕಣ್ಣು ಅರ್ಧ ಮಿಲಿಮೀಟರ್ ಸುತ್ತಮುತ್ತ ಇದ್ದರೆ ಹೊಸದಾಗಿ ಒಡೆದ ಮರಿಯೂ ನಿಲ್ಲುತ್ತದೆ. ಅಷ್ಟು ಸಣ್ಣ ಕಣ್ಣು ಪ್ರವಾಹದ ಕಸಕಡ್ಡಿಗೆ ಬೇಗ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಬಲೆ ನೀರು ಸೋಸುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ. ಅದಕ್ಕೇ ಗಂಟೆಗಟ್ಟಲೆ ಒಡ್ಡಿಡುವ ಬದಲು ಹತ್ತು ನಿಮಿಷದ ಒಡ್ಡನ್ನು ಹಲವು ಸಲ ಮಾಡುವುದು ಸರಿ.

ಈ ವಿಧಾನದ ದೊಡ್ಡ ಕಷ್ಟ ಜಾತಿ ಗುರುತಿಸುವುದು. ಕಾಟ್ಲಾ, ರೋಹು, ಮೃಗಾಲ್ ಗಂಗಾ ಬಯಲಿನ ಮೀನುಗಳು. ಕೃಷ್ಣೆಗೆ ಇವು ಹೊರಗಿನವು, ಜಲಾಶಯಗಳಿಗೆ ಬಿತ್ತನೆ ಮಾಡಿ ಬಂದವು. ಅವುಗಳ ತತ್ತಿಯೂ ತೇಲುತ್ತದೆ. ಬಲೆಗೆ ಸಿಕ್ಕ ತತ್ತಿಯೆಲ್ಲ ನಮ್ಮ ಹೊಳೆಯ ಮೀನಿನದು ಎಂದು ಲೆಕ್ಕ ಹಾಕಿದರೆ ರೋಹು ಹೆಚ್ಚಾದದ್ದನ್ನು ನೋಡಿ ನಾಡಮೀನು ಚೇತರಿಸಿಕೊಂಡಿತು ಎಂದು ಸಂತೋಷಪಟ್ಟಂತಾಗುತ್ತದೆ. ತಪ್ಪಿಸಲು ಎರಡು ದಾರಿ. ಒಂದು, ಸಿಕ್ಕಿದ್ದರಲ್ಲಿ ಒಂದು ಪಾಲನ್ನು ಜೀವಂತ ತಂದು ತೊಟ್ಟಿಯಲ್ಲಿ ಸಾಕುವುದು. ಕೆಲವು ವಾರದಲ್ಲಿ ಬೆರಳುದ್ದದ ಮರಿಯಾಗುತ್ತದೆ, ಆಗ ಜಾತಿ ಹೇಳಬಹುದು. ಇದು ಹಳೆಯ ಪದ್ಧತಿ, ಕಾಲೇಜಿನಲ್ಲಿ ಸುಲಭವಾಗಿ ಆಗುತ್ತದೆ. ಆದರೆ ಎಲ್ಲ ಜಾತಿಯೂ ತೊಟ್ಟಿಯಲ್ಲಿ ಒಂದೇ ಪ್ರಮಾಣದಲ್ಲಿ ಬದುಕುವುದಿಲ್ಲ, ಹಾಗಾಗಿ ಬದುಕಿದವುಗಳ ಪಾಲೇ ಹೊಳೆಯ ಪಾಲು ಎನ್ನಲಾಗದು. ಇನ್ನೊಂದು, ಡಿಎನ್ಎ ಪರೀಕ್ಷೆ. ಅದಕ್ಕೆ ಮಾದರಿಯನ್ನು 95 ಶೇಕಡ ಎಥನಾಲ್‌ನಲ್ಲಿ ಇಡಬೇಕು. ಕಾಲೇಜಿನ ಕಪಾಟಿನಲ್ಲಿ ಸದಾ ಇರುವ ಫಾರ್ಮಲಿನ್‌ನಲ್ಲಿ ಹಾಕಿದರೆ ಡಿಎನ್ಎ ಹಾಳಾಗುತ್ತದೆ. ಇದನ್ನು ಬಲೆ ಒಡ್ಡುವ ಮುಂಚೆಯೇ ತೀರ್ಮಾನಿಸಿ.

ತೇಲುತತ್ತಿ ಹಿಡಿದಾಗ ಇನ್ನೊಂದು ಲಾಭವಿದೆ. ಗೆಂಡೆ ಮೀನಿನ ತತ್ತಿ ನಮ್ಮ ಮಳೆಗಾಲದ ಬೆಚ್ಚಗಿನ ನೀರಿನಲ್ಲಿ ಸುಮಾರು 15ರಿಂದ 18 ಗಂಟೆಯಲ್ಲಿ ಒಡೆಯುತ್ತದೆ. ಒಳಗಿನ ಭ್ರೂಣ ಯಾವ ಹಂತದಲ್ಲಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಷ್ಟು ಗಂಟೆ ಹಿಂದೆ ಇಟ್ಟದ್ದು ಎಂದು ತಿಳಿಯುತ್ತದೆ. ಅದನ್ನು ನೀರಿನ ವೇಗದಿಂದ ಗುಣಿಸಿದರೆ ಎಷ್ಟು ಮೇಲಿನಿಂದ ಬಂತು ಅನ್ನುವುದೂ ಸಿಗುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ 16 ಗಂಟೆ ಸಾಗಿದ ತತ್ತಿ 57 ಕಿ.ಮೀ.ಗೂ ಮೇಲಿನಿಂದ ಬಂದಿರುತ್ತದೆ. ಹೊಳೆಯನ್ನು ತುಂಡು ತುಂಡು ಮಾಡಿದಾಗ ಏನಾಗುತ್ತದೆ ಎಂದು ಈ ಒಂದು ಲೆಕ್ಕವೇ ಹೇಳುತ್ತದೆ. ಒಡೆಯುವ ಮುಂಚೆಯೇ ತತ್ತಿ ನಿಂತ ನೀರಿಗೆ ಬಂದು ಸೇರಿದರೆ ಕೆಸರಿನಲ್ಲಿ ಕುಳಿತು ಸಾಯುತ್ತದೆ.

ಮೈಯೆಚ್ಚರದ ಮಾತು ಒಂದು. ಹೊಳೆಗೆ ಇಳಿದು ಬಲೆ ಹಿಡಿಯುವುದು ಬೇಡವೇ ಬೇಡ. ಮೇಲಿನ ಗೇಟು ತೆರೆದರೆ ನೀರು ಏರುವುದಕ್ಕೆ ಹೊತ್ತು ಬೇಕಾಗುವುದಿಲ್ಲ. ಕೃಷ್ಣೆ, ಘಟಪ್ರಭೆಗಳಲ್ಲಿ ಮೊಸಳೆಯೂ ಇವೆ. ಸೇತುವೆಯಿಂದಲೋ ದಂಡೆಗೆ ಕಟ್ಟಿದ ಹಗ್ಗದಿಂದಲೋ ಬಲೆ ಬಿಡಿ, ಜೊತೆಗೆ ಆ ಹೊಳೆ ಬಲ್ಲ ಅಂಬಿಗರೊಬ್ಬರು ಇರಲಿ. ಅವರ ದಿನಗೂಲಿಯನ್ನು ಖರ್ಚಿನ ಪಟ್ಟಿಯ ಮೊದಲ ಸಾಲಿನಲ್ಲೇ ಬರೆಯಿರಿ.

ಕಾಡಿನ ಹಳ್ಳಕ್ಕೆ ಕಣ್ಣಿನ ಎಣಿಕೆ

ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿ ಕಡೆಗೆ ಬಂದರೆ ಚಿತ್ರವೇ ಬೇರೆ. ಮಲಪ್ರಭೆ ಹುಟ್ಟುವುದು ಅಲ್ಲೇ. ಪಕ್ಕದ ಹಳ್ಳಗಳು ಮಹದಾಯಿಗೆ ಸೇರಿ ಪಶ್ಚಿಮಕ್ಕೆ ಹೋಗುತ್ತವೆ. ಎರಡೂ ಕೊಳ್ಳದ ಮೀನು ಬೇರೆ, ಲೆಕ್ಕವನ್ನೂ ಬೇರೆಯಾಗಿಯೇ ಇಡಬೇಕು. ಇಲ್ಲಿನ ಹಳ್ಳಗಳಿಗೆ ಕಾಡಿನ ನೆರಳಿದೆ, ಮಳೆ ಬಿಡುವು ಕೊಟ್ಟರೆ ನೀರು ಬೇಗ ತಿಳಿಯಾಗುತ್ತದೆ. ಮಲೆನಾಡಿನವರು ಹತ್ತುಮೀನು ಅನ್ನುವ ಆ ಏರಾಟವನ್ನು ಕಣ್ಣಾರೆ ನೋಡಬಹುದು. ಗದ್ದೆಯ ಬದುವಿನಲ್ಲಿ ಬಿದಿರಿನ ಕೂಳಿ ಒಡ್ಡುವ ಜಾಗಗಳೇ ಎಣಿಕೆಗೂ ಒಳ್ಳೆಯ ಜಾಗಗಳು.

ಇಲ್ಲಿ ಎರಡು ಆಯ್ಕೆ. ಒಂದು, ಹಳ್ಳದ ಗೊತ್ತಾದ ಉದ್ದವನ್ನು ಕೆಳಗಿನಿಂದ ಮೇಲಕ್ಕೆ ನಡೆದು ದೊಡ್ಡ ಮೀನು ಎಣಿಸುವುದು. ಕೆಳಗಿನಿಂದ ಮೇಲೆ ಯಾಕೆಂದರೆ ಮೀನು ಮುಖ ಮಾಡುವುದು ಪ್ರವಾಹಕ್ಕೆ ಎದುರಾಗಿ. ನಾವು ಹಿಂದಿನಿಂದ ಹೋದರೆ ಬೆದರುವುದು ಕಡಿಮೆ, ತುಳಿದ ಕೆಸರೂ ಹಿಂದಕ್ಕೇ ಹರಿದುಹೋಗುತ್ತದೆ. ನೀರಿನ ಹೊಳಪು ತಡೆಯುವ ಪೋಲರಾಯ್ಡ್ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಇನ್ನೊಂದು, ಸಣ್ಣ ಜಿಗಿತದ ಜಾಗದಲ್ಲಿ ಕುಳಿತು ಗೊತ್ತಾದ ನಿಮಿಷಗಳಲ್ಲಿ ಎಷ್ಟು ಮೀನು ಮೇಲೆ ಹಾರಿದವು ಎಂದು ಎಣಿಸುವುದು. ಕಲ್ಲಿಗೆ ಅಂಟಿಕೊಂಡು ಹತ್ತುವ ಗಾರ್ರಾ ಜಾತಿಯ ಸಣ್ಣ ಮೀನಿಗೆ ಎರಡನೆಯದೇ ಸರಿ. ನಡೆದು ಎಣಿಸುವಾಗ ಅವು ಕಾಣುವುದೇ ಇಲ್ಲ.

ಕಣ್ಣಿನ ಎಣಿಕೆಯಲ್ಲಿ ಬಿಟ್ಟುಹೋದ ಮೀನೆಷ್ಟು ಎಂದು ತಿಳಿಯಲು ಇಬ್ಬರು ಬೇರೆ ಬೇರೆಯಾಗಿ, ಮಾತಾಡಿಕೊಳ್ಳದೆ ನೋಡಿ ನಕ್ಷೆಯಲ್ಲಿ ಗುರುತು ಹಾಕಬೇಕು. ಒಬ್ಬರು 20 ಮೀನು ಕಂಡರು, ಇನ್ನೊಬ್ಬರು 15, ಇಬ್ಬರಿಗೂ ಕಂಡವು 10 ಅನ್ನಿ. 20ನ್ನು 15ರಿಂದ ಗುಣಿಸಿ 10ರಿಂದ ಭಾಗಿಸಿದರೆ 30. ಅಲ್ಲಿ ಸುಮಾರು 30 ಮೀನಿದ್ದವು. ಈ ಸಣ್ಣ ಲೆಕ್ಕ ಪ್ರತಿ ಭೇಟಿಯಲ್ಲಿ ಬೇಡ, ಋತುವಿನಲ್ಲಿ ಕೆಲವು ಸಲ ಮಾಡಿದರೂ ಸಾಕು. ನೀರು ಕದಡಿದ ವರ್ಷ ಮೀನು ಕಡಿಮೆ ಕಂಡದ್ದೋ, ಕಡಿಮೆ ಇದ್ದದ್ದೋ ಎಂಬ ಗೊಂದಲ ಇದರಿಂದ ಬಗೆಹರಿಯುತ್ತದೆ.

ದಖ್ಖನಿನ ಮಹಶೀರ್, ಟಾರ್ ಖುದ್ರಿ, ಇದೇ ಕೊಳ್ಳದ ಮೀನು. 1839ರಲ್ಲಿ ಬ್ರಿಟಿಷ್ ಸೇನಾಧಿಕಾರಿ, ಪ್ರಾಣಿಶಾಸ್ತ್ರಜ್ಞ ಸೈಕ್ಸ್ ಇದನ್ನು ವಿವರಿಸಿದ್ದು ಪುಣೆ ಬಳಿಯ ಮುಳಾ-ಮುಠಾ ಹೊಳೆಯಿಂದ. ಅದರ ತತ್ತಿ ದೊಡ್ಡದು, ಭಾರವಾದದ್ದು, ಜಲ್ಲಿ ಮೇಲೆ ಕೂರುತ್ತದೆ. ಗೆಂಡೆಯ ಹಾಗೆ ಲಕ್ಷಗಟ್ಟಲೆ ಇಡುವುದಿಲ್ಲ, ಒಂದೇ ಸಲಕ್ಕೆ ಎಲ್ಲವನ್ನೂ ಇಡುವುದೂ ಇಲ್ಲ. ತೇಲುತತ್ತಿ ಬಲೆಗೆ ಇದು ಬೀಳುವುದು ಅಪರೂಪ. ಮಹಶೀರ್ ನಿಮ್ಮ ಗುರಿಯಾಗಿದ್ದರೆ ಮಳೆಗಾಲ ಮುಗಿದ ಮೇಲೆ ತಿಳಿನೀರಿನ ಮಡುಗಳಲ್ಲಿ ದೊಡ್ಡ ಮೀನು ಮತ್ತು ಮರಿ ಎಣಿಸುವುದು ಉತ್ತಮ. ಲೋಣಾವಳಾದ ಮರಿಕೇಂದ್ರದಿಂದ ಈ ಜಾತಿಯನ್ನು ದೇಶದ ಹಲವು ಕಡೆ ಬಿಟ್ಟಿದ್ದಾರೆ. ನಿಮ್ಮ ಹೊಳೆಗೂ ಬಿಟ್ಟಿದ್ದಾರೆಯೇ ಎಂದು ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಉಳಿದ ಮೂರು ದಾರಿ

ಮರಿ ಎಣಿಕೆ. ಅಕ್ಟೋಬರಿನಿಂದ ಡಿಸೆಂಬರ್ ಹೊತ್ತಿಗೆ ನೀರು ಇಳಿದು ತಿಳಿಯಾಗಿರುತ್ತದೆ. ಅಪಾಯ ಕಡಿಮೆ, ವಿದ್ಯಾರ್ಥಿಗಳನ್ನು ಕರೆದೊಯ್ಯಬಹುದು. ಒಂದೇ ಅಳತೆಯ ಬೀಸುಬಲೆಯನ್ನು ಒಂದೇ ಸಂಖ್ಯೆಯ ಸಲ ಬೀಸಿ, ಆ ವರ್ಷದ ಮರಿಗಳನ್ನು ಉದ್ದ ಅಳೆದು ಬಿಡಬೇಕು. ತತ್ತಿ ಇಟ್ಟದ್ದು ಎಷ್ಟು ಅನ್ನುವುದನ್ನು ಇದು ಹೇಳುವುದಿಲ್ಲ, ಉಳಿದದ್ದು ಎಷ್ಟು ಅನ್ನುವುದನ್ನು ಹೇಳುತ್ತದೆ. ನಿಜ ಹೇಳಬೇಕೆಂದರೆ ಹೊಳೆಗೆ ಬೇಕಾದ ಲೆಕ್ಕ ಅದೇ. ಕೈಯಲ್ಲಿ ಹಣ ತೀರ ಕಡಿಮೆ ಇದ್ದು ಒಂದೇ ಒಂದು ವಿಧಾನ ಆರಿಸಬೇಕಾದರೆ ನಾನು ಇದನ್ನೇ ಆರಿಸುತ್ತೇನೆ. ಇಲಾಖೆಯವರು ಬಿತ್ತನೆ ಮಾಡುವ ಜಾತಿಗಳನ್ನು ಬದಿಗಿಟ್ಟು ಬಿತ್ತನೆ ಇಲ್ಲದ ನಾಡಜಾತಿಗಳ ಮೇಲೆ ಮಾತ್ರ ತೀರ್ಮಾನಕ್ಕೆ ಬನ್ನಿ.

ಮಾರುಕಟ್ಟೆಯಲ್ಲಿ ಹೊಟ್ಟೆ ನೋಡುವುದು. ಮೀನು ಕೊಯ್ಯುವವರ ಹತ್ತಿರ ನಿಂತು ಯಾವ ಜಾತಿ, ಎಷ್ಟು ಉದ್ದ, ತತ್ತಿ ತುಂಬಿದೆಯೋ ಖಾಲಿಯಾಗಿದೆಯೋ ಎಂದು ಬರೆದುಕೊಳ್ಳುವುದು. ನಮಗಾಗಿ ಒಂದು ಮೀನೂ ಸಾಯುವುದಿಲ್ಲ. ಸಂಖ್ಯೆ ಕಡಿಮೆಯಾಗಿದೆಯೇ ಎಂದು ಇದರಿಂದ ಗೊತ್ತಾಗದು. ಯಾವ ಜಾತಿ ಯಾವ ಮಳೆಗೆ ತತ್ತಿ ಇಡುತ್ತದೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಬಲೆ ಒಡ್ಡುವ ಕೆಲಸಕ್ಕೆ ಹಿಂದಿನ ವರ್ಷವೇ ಇದನ್ನು ಮಾಡಿಟ್ಟುಕೊಂಡರೆ ರಾತ್ರಿಗಳು ವ್ಯರ್ಥವಾಗುವುದಿಲ್ಲ.

ನೀರಿನ ಡಿಎನ್ಎ. ನೀರು ಸೋಸಿ ಅದರಲ್ಲಿರುವ ಡಿಎನ್ಎ ಚೂರುಗಳಿಂದ ಯಾವ ಮೀನಿದೆ ಎಂದು ಹೇಳುವ ವಿಧಾನ. ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರದಂಥ (ಸಿಸಿಎಂಬಿ) ಪ್ರಯೋಗಾಲಯಗಳಲ್ಲಿ ಈ ಕೆಲಸ ನಡೆಯುತ್ತದೆ. ಅಪರೂಪದ ಜಾತಿ ಇನ್ನೂ ಇದೆಯೇ ಎಂದು ಹುಡುಕಲು ಇದಕ್ಕೆ ಸಾಟಿ ಇಲ್ಲ. ಅಳಿವಿನಂಚಿನ ಪಟ್ಟಿಯಲ್ಲಿರುವ ಸಿಲೋನಿಯಾ ಚಿಲ್ಡ್ರೆನಿ ಎಂಬ ಮೀನು ಕೃಷ್ಣೆಯ ಯಾವ ಭಾಗದಲ್ಲಿ ಉಳಿದಿದೆ ಎಂಬ ಪ್ರಶ್ನೆಗೆ ನಾನು ಇದನ್ನೇ ಬಳಸುತ್ತೇನೆ. ಆದರೆ ಮಳೆಗಾಲದ ಕೆಸರು ನೀರು ಸೋಸುಹಾಳೆಯನ್ನು ಕ್ಷಣದಲ್ಲಿ ಕಟ್ಟಿಬಿಡುತ್ತದೆ. ಡಿಎನ್ಎ ಮೇಲಿನಿಂದ ಹರಿದು ಬಂದದ್ದೂ ಇರಬಹುದು, ಮೀನುಪೇಟೆಯ ಗಟಾರದಿಂದ ಸೇರಿದ್ದೂ ಇರಬಹುದು. ಮೀನು ಬಂದಿತ್ತು ಎನ್ನುತ್ತದೆ, ತತ್ತಿ ಇಟ್ಟಿತು ಎನ್ನುವುದಿಲ್ಲ. ಏರಿಳಿತ ನೋಡುವ ಮುಖ್ಯ ವಿಧಾನವಾಗಿ ಇದರ ಮೇಲೆ ಹಣ ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಹಾವುಮೀನು ಎನ್ನುವ ಆಂಗ್ವಿಲ್ಲಾ ಬೆಂಗಾಲೆನ್ಸಿಸ್ ಬಗ್ಗೆ ಒಂದು ಮಾತು. ಅದು ತತ್ತಿ ಇಡುವುದು ಸಮುದ್ರದಲ್ಲಿ, ಬೆಳೆಯುವುದು ಹೊಳೆಯಲ್ಲಿ. ಅದಕ್ಕೆ ಇಲ್ಲಿ ಸಂತಾನ ಸಮೀಕ್ಷೆ ಸಾಧ್ಯವೇ ಇಲ್ಲ. ಸಿಕ್ಕಾಗಲೆಲ್ಲ ಜಾಗ, ದಿನ, ಉದ್ದ ಬರೆದಿಡುವುದೊಂದೇ ದಾರಿ.

ಎಲ್ಲಿ ಎಣಿಸಬೇಕು

ಮೀನು ಜಾಸ್ತಿ ಇರುವ ನಾಲ್ಕು ಜಾಗ ಆರಿಸಿ ಪ್ರತಿವರ್ಷ ಅಲ್ಲೇ ಎಣಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅದರಲ್ಲೊಂದು ಬಲೆ ಇದೆ, ನಾವೇ ಬೀಳುವುದು. ಜಾಗ ಆರಿಸಿದ ವರ್ಷ ಅಲ್ಲಿ ಮೀನು ಹೆಚ್ಚಿದ್ದದ್ದು ಸ್ವಲ್ಪ ಆ ಜಾಗದ ಗುಣ, ಸ್ವಲ್ಪ ಆ ವರ್ಷದ ಅದೃಷ್ಟ. ಮುಂದಿನ ವರ್ಷ ಅದೃಷ್ಟ ಸರಿಯುತ್ತದೆ, ಲೆಕ್ಕ ಇಳಿಯುತ್ತದೆ, ಮೀನು ಕಡಿಮೆಯಾಯಿತು ಎಂದು ನಾವು ಬರೆಯುತ್ತೇವೆ. ಇದರ ಉಲ್ಟಾ ಕೂಡ ಆಗುತ್ತದೆ. ಹೊಳೆಯ ಉಳಿದ ಭಾಗವೆಲ್ಲ ಬರಿದಾಗುತ್ತಿದ್ದರೂ ಒಳ್ಳೆಯ ಜಾಗಗಳು ಕೊನೆಯವರೆಗೆ ತುಂಬಿರುತ್ತವೆ, ನಮಗೆ ಸುಳಿವೇ ಸಿಗುವುದಿಲ್ಲ. ಆರೆಗಾನ್ ರಾಜ್ಯದಲ್ಲಿ ಕೋಹೋ ಸಾಲ್ಮನ್‌ಗೆ ಹೀಗೆಯೇ ಆಯ್ದ ಹಳ್ಳಗಳಲ್ಲಿ ದಶಕಗಟ್ಟಲೆ ಎಣಿಸಿದ್ದರು. 1990ರಲ್ಲಿ ಚೀಟಿ ಎತ್ತಿದಂತೆ ಜಾಗ ಆರಿಸುವ ಕ್ರಮ ತಂದಾಗ ಹಳೆಯ ಲೆಕ್ಕ ಮೀನಿನ ಸಂಖ್ಯೆಯನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತಿತ್ತು ಎಂದು ತಿಳಿಯಿತು.

ಹಾಗಂತ ಎಲ್ಲವನ್ನೂ ಚೀಟಿಗೆ ಬಿಟ್ಟರೆ ವರ್ಷದಿಂದ ವರ್ಷಕ್ಕೆ ಜಾಗ ಬದಲಾಗಿ ಏರಿಳಿತ ಹಿಡಿಯುವುದು ಕಷ್ಟ. ಮಧ್ಯದ ದಾರಿ ಇದೆ. ಮರಿ ಎಣಿಕೆಗೂ ಹಳ್ಳದ ನಡಿಗೆಗೂ ಹೊಳೆಯನ್ನು 1 ಕಿ.ಮೀ. ತುಂಡುಗಳಾಗಿ ನಕ್ಷೆಯಲ್ಲಿ ಭಾಗ ಮಾಡಿ ನಂಬರ್ ಕೊಡಿ. ಚೀಟಿ ಎತ್ತಿ. ಮೊದಲು ಬಂದ ಕೆಲವಕ್ಕೆ ಪ್ರತಿವರ್ಷ ಹೋಗಿ. ಉಳಿದವನ್ನು ಮೂರು ಗುಂಪು ಮಾಡಿ ವರ್ಷಕ್ಕೊಂದು ಗುಂಪಿನಂತೆ ಸರದಿಯಲ್ಲಿ ನೋಡಿ. ದಾರಿ ಸರಿ ಇಲ್ಲ, ಹೊಲದವರು ಬಿಡಲಿಲ್ಲ ಎಂದರೆ ಚೀಟಿಯ ಮುಂದಿನ ನಂಬರಿಗೆ ಹೋಗಿ. ಪಕ್ಕದ ಚೆಂದದ ಮಡುವಿಗೆ ಹೋಗಬೇಡಿ.

ತೇಲುತತ್ತಿ ಬಲೆಗೆ ಮಾತ್ರ ಚೀಟಿ ಬೇಕಾಗಿಲ್ಲ. ಅಲ್ಲಿ ಬಲೆ ಹಿಡಿಯುವುದು ಆ ಜಾಗದ ತತ್ತಿಯನ್ನಲ್ಲ, ಮೇಲಿನ ಇಡೀ ಹೊಳೆಯದು. ಸೆಳವು ಎಲ್ಲಿದೆ, ಸೇತುವೆ ಎಲ್ಲಿದೆ ಎಂದು ನೋಡಿ ಜಾಗ ಗಟ್ಟಿ ಮಾಡಬೇಕು.

ಉದಾಹರಣೆಗೆ ಘಟಪ್ರಭೆ. ಹಿಡಕಲ್ ಅಣೆಕಟ್ಟು, ಅದರ ಕೆಳಗೆ ಬ್ರಿಟಿಷರ ಕಾಲದ ಧೂಪದಾಳ ಒಡ್ಡು, ಆಮೇಲೆ 52 ಮೀಟರ್ ಬೀಳುವ ಗೋಕಾಕ ಜಲಪಾತ. ಕೃಷ್ಣೆಯಿಂದ ಬಂದ ಗೆಂಡೆ ಈ ಜಲಪಾತವನ್ನು ಎಂದೂ ಹತ್ತಿಲ್ಲ, ಹತ್ತುವಂತೆಯೂ ಇಲ್ಲ. ಹಾಗಾಗಿ ಜಲಪಾತದ ಮೇಲಿನ ಹೊಳೆಯನ್ನೂ ಕೆಳಗಿನದನ್ನೂ ಒಂದೇ ಎಂದು ಕೂಡಿಸಬೇಡಿ. ಗೋಕಾಕದ ಕೆಳಗೆ ಮುಧೋಳ, ಕಲಾದಗಿ ದಾಟಿ ಹೊಳೆ ಬಾಗಲಕೋಟೆಗೆ ಬರುವ ಹೊತ್ತಿಗೆ ಆಲಮಟ್ಟಿಯ ಹಿನ್ನೀರು ಎದುರಾಗುತ್ತದೆ. ಜಲಾಶಯ 519.6 ಮೀಟರಿಗೆ ತುಂಬಿದಾಗ ಹಳೆಯ ಬಾಗಲಕೋಟೆಯ ಒಂದು ಭಾಗವೇ ಮುಳುಗಿದ್ದು ಇದೇ ಹಿನ್ನೀರಿನಿಂದ. ನಿಂತ ನೀರಿನಲ್ಲಿ ತೇಲುತತ್ತಿ ಬಲೆಗೆ ಕೆಲಸವಿಲ್ಲ. ಹಿನ್ನೀರಿನ ಅಂಚು ಜುಲೈಗೂ ಸೆಪ್ಟೆಂಬರಿಗೂ ಬೇರೆ, ಮಳೆ ಬಂದ ವರ್ಷಕ್ಕೂ ಬರದ ವರ್ಷಕ್ಕೂ ಬೇರೆ. ಅದಕ್ಕೇ ಬಲೆಯ ಜಾಗ ಹಿನ್ನೀರಿನ ಅಂಚಿಗಿಂತ ಮೇಲೆ, ಮುಧೋಳದ ಕಡೆಗೇ ಇರಲಿ.

ಮಲಪ್ರಭೆ ಕೃಷ್ಣೆಗೆ ಸೇರುವುದು ಕೂಡಲಸಂಗಮದಲ್ಲಿ, ಅಂದರೆ ಆಲಮಟ್ಟಿಯ ಕೆಳಗೆ. ಮೇಲೆ 1972ರ ನವಿಲುತೀರ್ಥ ಅಣೆಕಟ್ಟು. ನಾರಾಯಣಪುರ ಜಲಾಶಯದ ಮೀನಿಗೆ ಹತ್ತಲು ಸಿಗುವ ಹೊಳೆ ಇದು. ಆಲಮಟ್ಟಿಯ ಮೀನಿಗೆ ಸಿಗುವುದು ಘಟಪ್ರಭೆ ಮತ್ತು ಹಿಪ್ಪರಗಿ ಬ್ಯಾರೇಜಿನವರೆಗಿನ ಕೃಷ್ಣೆ. ಎರಡು ಜಲಾಶಯ, ಎರಡು ಬೇರೆ ಮೀನುಗುಂಪು ಎಂದು ತಿಳಿದು ಯೋಜನೆ ಮಾಡಿದರೆ ಮುಂದೆ ಗೊಂದಲವಾಗುವುದಿಲ್ಲ.

ವಿಜಯಪುರದ ಡೋಣಿ ಬೇರೆ ಸ್ವಭಾವದ ಹೊಳೆ. ಉಪ್ಪುನೀರು, ಹೂಳು, ಬಂದರೆ ಒಮ್ಮೆಗೇ ಪ್ರವಾಹ, ಇಲ್ಲದಿದ್ದರೆ ಬತ್ತಿದ ಪಾತ್ರ. ಅಲ್ಲಿ ರಾತ್ರಿ ಬಲೆ ಕಾಯುವುದಕ್ಕಿಂತ ಪ್ರವಾಹ ಇಳಿದ ಮೇಲೆ ಉಳಿದ ಮಡುಗಳಲ್ಲಿ ಮರಿ ನೋಡುವುದು ಹೆಚ್ಚು ಫಲ ಕೊಡುತ್ತದೆ. ಇಂಡಿ ಕಡೆಯ ಭೀಮೆಗೆ ಮರಿ ಎಣಿಕೆಯೂ ಮಾರುಕಟ್ಟೆಯ ಹೊಟ್ಟೆ ನೋಡುವುದೂ ಜೊತೆಯಾದರೆ ಸಾಕು.

ಯಾವಾಗ ಎಣಿಸಬೇಕು

ಪ್ರತಿ ಭಾನುವಾರ ಹೋಗುವುದು ಸಾಲ್ಮನ್‌ಗೆ ನಡೆಯುತ್ತದೆ. ಗೂಡು ದಿನಗಟ್ಟಲೆ ಕಾಣುತ್ತದೆ. ನಮ್ಮ ಗೆಂಡೆ ತತ್ತಿ ಇಟ್ಟು ಮುಗಿಸುವುದು ನೀರು ಏರಿದ ಒಂದೆರಡು ದಿನದಲ್ಲಿ, ತತ್ತಿ ನಮ್ಮನ್ನು ದಾಟುವುದು ಗಂಟೆಗಳಲ್ಲಿ. ಬುಧವಾರ ನೀರು ಏರಿದರೆ ಭಾನುವಾರದ ಬಲೆಗೆ ಏನೂ ಇರುವುದಿಲ್ಲ.

ಆದ್ದರಿಂದ ಬಯಲಿನ ಹೊಳೆಗೆ ನೀರಿನ ಏರಿಕೆಯೇ ಗಂಟೆ ಬಾರಿಸಬೇಕು. ಮಿರಗದ ಮಳೆ, ಆರಿದ್ರಾ ಮಳೆಯಿಂದ ತಯಾರಾಗಿರಿ. ಒಂದು ದಿನದಲ್ಲಿ ನೀರು ಇಷ್ಟು ಏರಿದರೆ ಆ ರಾತ್ರಿಯೂ ಮರುರಾತ್ರಿಯೂ ಬಲೆ ಒಡ್ಡುತ್ತೇವೆ ಎಂಬ ನಿಯಮವನ್ನು ಮೊದಲೇ ಬರೆದಿಡಿ. ಸೇತುವೆ ಕಂಬದ ಮೇಲಿನ ಅಳತೆಗೆರೆ ಸಾಕು. ಜಲಾಶಯಗಳ ಒಳಹರಿವು, ಹೊರಹರಿವು ದಿನವೂ ಪ್ರಕಟವಾಗುತ್ತದೆ, ಅದನ್ನೂ ಪಕ್ಕದಲ್ಲಿ ಬರೆಯಿರಿ. ಇದರ ಜೊತೆ ನೀರು ಏರದ ಕೆಲವು ರಾತ್ರಿಗಳನ್ನೂ ಚೀಟಿ ಎತ್ತಿ ಸೇರಿಸಿ. ಏರಿದಾಗ ಮಾತ್ರ ತತ್ತಿ ಬರುತ್ತದೆ ಅನ್ನುವ ನಮ್ಮ ನಂಬಿಕೆ ನಿಜವೇ ಎಂದು ಪರೀಕ್ಷಿಸಲು ಅವು ಬೇಕು. ಏನೂ ಸಿಗದ ರಾತ್ರಿಗೆ ಸೊನ್ನೆ ಬರೆಯಿರಿ. ಖಾಲಿ ಬಿಟ್ಟ ಜಾಗ ಮತ್ತು ಸೊನ್ನೆ ಎರಡೂ ಒಂದೇ ಅಲ್ಲ.

ದಾಖಲೆಯ ಹಾಳೆಯಲ್ಲಿ ನಾನು ತಪ್ಪದೆ ಕೇಳುವ ಇನ್ನೊಂದು ಅಂಕಣವಿದೆ: ಬಾಂದಾರದ ಹಲಗೆ ತೆಗೆದ ದಿನ. ಕೊಲ್ಹಾಪುರ ಮಾದರಿಯ ಬಾಂದಾರಗಳಿಗೆ ಮಳೆಗಾಲ ಮುಗಿದ ಮೇಲೆ ಹಲಗೆ ಹಾಕುತ್ತಾರೆ, ಮುಂಗಾರಿಗೆ ಮುಂಚೆ ತೆಗೆಯುತ್ತಾರೆ. ತೆಗೆಯುವುದು ತಡವಾದರೆ ಮೊದಲ ಪ್ರವಾಹಕ್ಕೆ ಹೊರಟ ಮೀನು ಬಾಂದಾರದ ಕೆಳಗೇ ಗುಂಪುಗೂಡಿ ನಿಲ್ಲುತ್ತದೆ, ಅಲ್ಲೇ ಬಲೆಗೆ ಬೀಳುತ್ತದೆ. ಹಲಗೆ ತೆಗೆದ ದಿನವನ್ನೂ ತತ್ತಿ ಬಂದ ದಿನವನ್ನೂ ಕೆಲವು ವರ್ಷ ಪಕ್ಕಪಕ್ಕ ಇಟ್ಟರೆ ನೀರಾವರಿ ಇಲಾಖೆಯ ಮುಂದೆ ಇಡಬಹುದಾದ ಗಟ್ಟಿ ಕಾಗದ ಸಿಗುತ್ತದೆ. ಒಂದು ರೂಪಾಯಿ ಖರ್ಚಿಲ್ಲದ ಅಂಕಣ ಇದು, ಹೊಳೆಗೆ ಇದರಷ್ಟು ಉಪಯೋಗದ್ದು ಬೇರೆ ಇಲ್ಲ ಎಂದು ನನಗೆ ಅನಿಸುತ್ತದೆ.

ಎಷ್ಟು ವರ್ಷ, ಎಷ್ಟು ಖರ್ಚು

2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆಗಳಲ್ಲಿ ಮಹಾಪ್ರವಾಹ. 2023ರಲ್ಲಿ ರಾಜ್ಯದ ಬಹುಪಾಲು ಬರ. ಯಾರಾದರೂ 2019ರಲ್ಲಿ ಎಣಿಕೆ ಶುರು ಮಾಡಿ 2023ರಲ್ಲಿ ನಿಲ್ಲಿಸಿದ್ದರೆ ಮೀನು ನಾಶವಾಯಿತು ಎಂಬ ಗೆರೆ ಬರುತ್ತಿತ್ತು. ಆ ಗೆರೆ ಮಳೆಯದು, ಮೀನಿನದಲ್ಲ. ನಮ್ಮ ಹೊಳೆಗಳಲ್ಲಿ ವರ್ಷದಿಂದ ವರ್ಷಕ್ಕೆ ಏರಿಳಿತ ಬಹಳ. ನಿಜವಾದ ಇಳಿಕೆಯನ್ನು ಅದರಿಂದ ಬೇರ್ಪಡಿಸಲು ಹತ್ತು ವರ್ಷವಾದರೂ ಒಂದೇ ರೀತಿಯ ಎಣಿಕೆ ಬೇಕು. ಮೂರು ವರ್ಷದ ಯೋಜನೆಗೆ ಹಣ ಸಿಕ್ಕಿತೆಂದು ದೊಡ್ಡದಾಗಿ ಶುರು ಮಾಡುವುದಕ್ಕಿಂತ ಹತ್ತು ವರ್ಷ ನಡೆಸಬಲ್ಲ ಸಣ್ಣ ಕೆಲಸ ಆರಿಸಿ.

ಹಾಗಾಗಿ ಹಣದ ಪ್ರಕಾರ ನನ್ನ ಸಲಹೆ ಹೀಗೆ. ಏನೂ ಇಲ್ಲದಿದ್ದರೆ ಚಳಿಗಾಲದ ಮರಿ ಎಣಿಕೆ, ಜೊತೆಗೆ ಮೀನುಪೇಟೆಯ ದಾಖಲೆ. ಸ್ವಲ್ಪ ಇದ್ದರೆ ಮುಧೋಳದ ಕಡೆ ಒಂದು ತೇಲುತತ್ತಿ ಬಲೆಯ ಜಾಗ ಸೇರಿಸಿ. ಖಾನಾಪುರದ ಹಳ್ಳಗಳನ್ನು ಅಲ್ಲಿನ ಕಾಲೇಜು ಅಥವಾ ಪಂಚಾಯಿತಿ ಸಮಿತಿ ನೋಡಿಕೊಂಡರೆ ಒಳ್ಳೆಯದು. ಬೆಳಗಾವಿಯಿಂದ ಹೋಗಿಬರುವ ತಂಡ ಹತ್ತು ವರ್ಷ ಹೋಗುವುದಿಲ್ಲ. ನೀರಿನ ಡಿಎನ್ಎ ಐದು ವರ್ಷಕ್ಕೊಮ್ಮೆ, ಒಂದು ನಿರ್ದಿಷ್ಟ ಜಾತಿಗಾಗಿ ಮಾತ್ರ.

ಕೆಲಸಕ್ಕೆ ಮೊದಲು ಮೀನುಗಾರಿಕೆ ಇಲಾಖೆಯ ಅನುಮತಿ ಪಡೆಯಿರಿ. ಭೀಮಗಡ ವನ್ಯಧಾಮ, ಘಟಪ್ರಭಾ ಪಕ್ಷಿಧಾಮದ ಒಳಗಾದರೆ ಅರಣ್ಯ ಇಲಾಖೆಯದೂ ಬೇಕು. ಮೀನಿನ ಹೆಸರು ಊರಿಂದ ಊರಿಗೆ ಬದಲಾಗುತ್ತದೆ, ಆದ್ದರಿಂದ ಪ್ರತಿ ಜಾತಿಗೂ ಅಳತೆಪಟ್ಟಿ ಇಟ್ಟ ಫೋಟೋ ಇರಲಿ, ಮೀನುಗಾರರು ಹೇಳಿದ ಹೆಸರನ್ನು ಹೇಳಿದಂತೆಯೇ ಬರೆಯಿರಿ. ವಿಧಾನವನ್ನು ಬದಲಿಸಲೇಬೇಕಾದ ವರ್ಷ ಬಂದರೆ ಹಳೆಯದನ್ನೂ ಹೊಸದನ್ನೂ ಎರಡು ಋತು ಒಟ್ಟಿಗೆ ನಡೆಸಿ, ಇಲ್ಲದಿದ್ದರೆ ಹಿಂದಿನ ಅಂಕಿಗಳು ಮುಂದಿನವಕ್ಕೆ ಕೂಡಿಕೊಳ್ಳುವುದಿಲ್ಲ. ಹಾಳೆಗಳ ಒಂದು ಪ್ರತಿ ಕಾಲೇಜಿನಲ್ಲಿ, ಒಂದು ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯ ಜೊತೆ, ಒಂದು ಮೀನುಗಾರರ ಸಂಘದಲ್ಲಿ ಇರಲಿ. ಎಣಿಸಿದ ಉಪನ್ಯಾಸಕರು ವರ್ಗವಾಗಿ ಹೋದರೂ ಮುಂದಿನ ಆರಿದ್ರಾ ಮಳೆಗೆ ಇನ್ನೊಬ್ಬರು ಅದೇ ಸೇತುವೆಯಿಂದ, ಅದೇ ಬಲೆಯಿಂದ ಶುರು ಮಾಡಬಹುದು.